ನೀರು ಹೊರೋರು ಯಾರ್ರೀ?

ರಾಯಚೂರಿನಲ್ಲಿ ಯಾರ ಮುಂದಾದರೂ "ಐತಾರ ಮನಿಮಂದಿಯೆಲ್ಲ ಗುಡ್ಡ ಹತ್ತಾಕ ಹೊಂಟೀವಿ" ಅಂತ ಹೇಳಿ ನೋಡಿ. ತಕ್ಷಣ ಬರುವ ಪ್ರಶ್ನೆ: "ಯಾವ ದೇವ್ರಿಗ್ರೀ? ಏನು ಬೇಡ್ಕೊಂಡಿದ್ರಿ?" ಹರಕೆಯಿಲ್ಲದೆ, ಜಾತ್ರೆಯಿಲ್ಲದೆ, ಕಾಯಿ ಕರ್ಪೂರದ ಚೀಲವಿಲ್ಲದೆ ಸುಮ್ಮಸುಮ್ಮನೆ ಕಲ್ಲು ಹತ್ತಿ ಸುಮ್ಮಸುಮ್ಮನೆ ಇಳಿದು ಬರುವುದು ನಮ್ಮ ಕಡೆ ಲೆಕ್ಕಕ್ಕೆ ಸಿಗುವ ಕೆಲಸವಲ್ಲ. "ಹಂಗ ಸುಮ್ನ, ನಡ್ಯಾಕ" ಅಂದಿರೋ, ಎದುರಿನವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಹೊಟ್ಟೆ ನೋಡುತ್ತಾರೆ, ಆಮೇಲೆ ದನಿ ಇಳಿಸಿ "ಶುಗರ್ ಎಷ್ಟದ?" ಅಂತ ಕೇಳುತ್ತಾರೆ.

ನಮ್ಮ ಮನೆಯವರಿಗೆ ಶುಗರ್ ಇಲ್ಲ. ಅವರಿಗಿರುವುದು ಫೋನು. ಆ ಫೋನಿನೊಳಗೆ ಯಾವನೋ ಪುಣ್ಯಾತ್ಮ ಹಿಮಾಚಲದ ಹಿಮದಲ್ಲಿ ಹೆಂಡತಿ ಮಕ್ಕಳನ್ನು ಕರಕೊಂಡು, ಬೆನ್ನಿಗೆ ಚೀಲ ಬಿಗಿದು, ನಗುನಗುತ್ತಾ ನಡೆಯುವ ರೀಲು ಬಂತು. ಅಂದಿನಿಂದ ನಮ್ಮ ಓಣಿಗೆ ಕೊರಿಯರ್ ಹುಡುಗ ದಾರಿ ಕೇಳುವುದನ್ನೇ ಬಿಟ್ಟ. ಒಂದು ದಿನ ಶೂ. ಇನ್ನೊಂದು ದಿನ ಸೊಂಟಪಟ್ಟಿ ಇರುವ ಬೆನ್ನುಚೀಲ. ಮಡಚಿದರೆ ಮೊಳದುದ್ದ ಆಗುವ ಕೋಲು, ಅದೂ ಜೋಡಿ. ಹಣೆಗೆ ಕಟ್ಟುವ ಬ್ಯಾಟರಿ. ಸೀಟಿ. ದಿಕ್ಸೂಚಿ. ಉಫ್ ಅಂದರೆ ಹಾರಿಹೋಗುವ ಟೈಟಾನಿಯಂ ಲೋಟ. ಕಡೆಗೆ ಮೊಣಕಾಲಿನವರೆಗೆ ಬರುವ ಒಂದು ಜೊತೆ ಬಟ್ಟೆಯ ಸಾಕ್ಸು.

ಅತ್ತೆ ಆ ಸಾಕ್ಸನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಕೇಳಿದರು: "ಇದೇನೋ ಯಪ್ಪಾ?"

"ಜಿಗಣಿ ಸಾಕ್ಸ್ ಅದ ಅವ್ವ. ಕಾಡಿನಾಗ ಜಿಗಣಿ ಕಚ್ಚಬಾರ್ದಂತ."

"ರಾಯಚೂರಾಗ ಜಿಗಣಿ ಎಲ್ಲಿ ಬರ್ತಾವೋ? ದಾರಿ ತಪ್ಪಿ ಬಂದ್ರೂ ನೀರಿಲ್ದ ಸಾಯ್ತಾವ."

ಈ ಸಾಮಾನಿನ ಅಂಗಡಿಯವರನ್ನು ಬೈದು ಏನು ಫಲ? ಅವರು ಕೊಡಗು, ಚಿಕ್ಕಮಗಳೂರು, ಕುಮಾರಪರ್ವತ ಅಂತ ಮಳೆ ಸುರಿಯುವ ಜಾಗಗಳನ್ನು ಕಣ್ಣಮುಂದೆ ಇಟ್ಟುಕೊಂಡು ಮಾರುತ್ತಾರೆ. ಆ ಕಡೆಯ ಬೆಟ್ಟಗಳಿಗೆ ಈಗ ಜನ ಹೆಚ್ಚಾಗಿ, 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾಲುಗಟ್ಟಿ ನಿಂತ ಮೇಲೆ, ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ಇಲ್ಲದೆ ಬಿಡುವುದಿಲ್ಲ ಅಂದಿತು. ನಮ್ಮ ಗುಡ್ಡಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಇಲ್ಲಿ ಟಿಕೆಟ್ ಕೇಳುವುದು ಬಿಸಿಲೊಂದೇ.

ಇರಲಿ. ಮೊದಲು ಹತ್ತಿದ್ದು ಊರ ಮಧ್ಯದ ಕೋಟೆಗುಡ್ಡ. ರಾಯಚೂರಿನವರು ಅದನ್ನು ದಿನಾ ನೋಡುತ್ತಾರೆ, ಹತ್ತುವವರು ಕಡಿಮೆ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬರಲಿಲ್ಲ ಅಂತ ಕತ್ತು ಎತ್ತಿದರೆ ಕಾಣುವುದು ಅದೇ. ಸುತ್ತಲಿನ ನೆಲದಿಂದ 300 ಅಡಿಗಿಂತ ಕಡಿಮೆಯೇ ಎತ್ತರ. ಹಿಮಾಚಲದ ರೀಲಿನವನು ಇದನ್ನು ಹೊಸ್ತಿಲು ಅಂದಾನು. ಮೇಲೆ ಹಳೆಯ ದರ್ಬಾರಿನ ಅವಶೇಷ, ಪುಟ್ಟ ಮಸೀದಿ, ದರ್ಗಾ, ಮತ್ತು ಊರು ಪೂರ್ತಿ ಕಾಣುವ ನೋಟ. ಕೆಳಗೆ ಮಾವಿನಕೆರೆ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಶಕ್ತಿನಗರದ ಚಿಮಣಿಗಳ ಹೊಗೆ.

ಹೊರಡುವ ಹೊತ್ತು ಮಾತ್ರ ನಮ್ಮದೇ ಪದ್ಧತಿ. ಮನೆಯವರು ಹಿಂದಿನ ರಾತ್ರಿ ಆಜ್ಞೆ ಹೊರಡಿಸಿದ್ದು ಐದೂವರೆಗೆ. ಎದ್ದದ್ದು ಆರಕ್ಕೆ. ಚಹಾ ಆಯಿತು. "ಖಾಲಿ ಹೊಟ್ಟಿಲೆ ಗುಡ್ಡ ಹತ್ತಬಾರದು" ಅಂತ ಅತ್ತೆ ಅಂದರು, ಮಂಡಾಳ ಒಗ್ಗರಣೆ ಆಯಿತು. ಒಗ್ಗರಣೆ ಆದ ಮೇಲೆ ಮಿರ್ಚಿ ಇಲ್ಲದಿದ್ದರೆ ಹೇಗೆ ಅಂತ ಮಗ ಓಡಿದ. ಮತ್ತೆ ಚಹಾ. ಆಮೇಲೆ ಮನೆಯವರು ಶೂ ಲೇಸು ಕಟ್ಟುವ ವಿಧಾನವನ್ನು ಫೋನಿನಲ್ಲಿ ನೋಡಿದರು, ಎರಡು ಸಲ. ನಾವು ಬುಡ ಮುಟ್ಟುವಾಗ ಸೂರ್ಯ ಆಗಲೇ ಗುಡ್ಡದ ನೆತ್ತಿಯ ಮೇಲೆ ನಿಂತು ನಮಗಾಗಿ ಕಾಯುತ್ತಿದ್ದ.

ನಮ್ಮ ಗುಡ್ಡದ ಕಲ್ಲಿನ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು. ಈ ಸೀಮೆಯ ಕರಿಬೂದು ಬಂಡೆ 250 ಕೋಟಿ ವರ್ಷದ ಆಸುಪಾಸಿನದು. ಬಂಡೆಯೊಳಗೆ ಬಿರುಕು ಬಿದ್ದು, ಬಿರುಕಿಗೆ ನೀರಿಳಿದು, ಅಂಚು ಮೂಲೆಯೆಲ್ಲ ಮೆತ್ತಗಾಗಿ ಮಣ್ಣಾಗಿ ಹೋಗಿ, ಒಳಗಿನ ಗಟ್ಟಿ ಮಾತ್ರ ಗುಂಡಗೆ ಉಳಿದಿದೆ. ಅದಕ್ಕೇ ಯಾರೋ ಒಂದರ ಮೇಲೊಂದು ಇಟ್ಟು ಮರೆತು ಹೋದರೇನೋ ಅನ್ನಿಸುವ ಈ ಗುಂಡುಗಳು. ಮರದ ನೆರಳು ಕಡಿಮೆ. ಕಲ್ಲು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹೊತ್ತಿಗೆ ನಿಧಾನವಾಗಿ ಬಿಡುತ್ತದೆ. ನವೆಂಬರಿನಿಂದ ಫೆಬ್ರುವರಿ ತನಕ ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ ಇಳಿದರೆ ಸ್ವರ್ಗ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟಿದ ಮೇಲೆ ಯಾರಾದರೂ "ಟ್ರೆಕ್ಕಿಂಗ್" ಅಂದರೆ ಅವರನ್ನು ಮೆತ್ತಗೆ ಮಾತಾಡಿಸಿ ಫ್ಯಾನಿನ ಕೆಳಗೆ ಕೂರಿಸಬೇಕು.

ಮೇ ತಿಂಗಳಲ್ಲಿ ತಾನಾಗಿಯೇ ರಾಯಚೂರಿಗೆ ಬಂದವನು ನನಗೆ ಗೊತ್ತಿರುವಂತೆ ಒಬ್ಬನೇ, ಕೃಷ್ಣದೇವರಾಯ. ರಾಯಚೂರು ಯುದ್ಧ ನಡೆದದ್ದು 1520ರ ಮೇ 19ಕ್ಕೆ ಅಂತ ಇತಿಹಾಸಕಾರ ರಾಬರ್ಟ್ ಸಿವೆಲ್ ಲೆಕ್ಕ ಹಾಕಿದ್ದಾನೆ. ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನ ಮೇಲೆ ಲಕ್ಷಗಟ್ಟಲೆ ದಂಡು ಕಟ್ಟಿಕೊಂಡು ಬಂದ ಕತೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಆನೆ, ಕುದುರೆ, ಬಂದೂಕಿನ ಲೆಕ್ಕವನ್ನು ಗಂಡಸರು ಬಾಯಿಪಾಠ ಹೇಳುತ್ತಾರೆ. ನನಗೆ ಹಿಡಿಸಿದ್ದು ಬೇರೆ ಒಂದು ಲೆಕ್ಕ. ದಂಡಿನ ದಾರಿಯುದ್ದಕ್ಕೂ, ನೀರು ತಂದುಕೊಡುವವರಿಲ್ಲದ ಮಂದಿ ಬಾಯಾರಿ ಸಾಯಬಾರದು ಅಂತ, ತೊಗಲಿನ ಚೀಲದಲ್ಲಿ ನೀರು ಹೊತ್ತ 12,000 ಆಳುಗಳನ್ನು ಅರಸ ನಿಲ್ಲಿಸಿದ್ದನಂತೆ. ಹನ್ನೆರಡು ಸಾವಿರ! ಚಕ್ರವರ್ತಿ ಅಂದರೆ ಹಾಗಿರಬೇಕು. ರಾಯಚೂರಿನ ಗುಡ್ಡಕ್ಕೆ ಬರುವ ಮೊದಲು ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತು: ನೀರು ಹೊರುವವರು ಯಾರು?

ನಮ್ಮ ಮನೆಯ ದಂಡಯಾತ್ರೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ಅಗತ್ಯವೇ ಇರಲಿಲ್ಲವಲ್ಲ, ಉತ್ತರ ಅಡುಗೆಮನೆಯಲ್ಲಿ ನಿಂತಿತ್ತು.

ಲೆಕ್ಕ ಹೇಳುತ್ತೇನೆ ಕೇಳಿ. ಬಿಸಿಲಿನಲ್ಲಿ ನಡೆಯುವವರಿಗೆ ಗಂಟೆಗೆ ಅರ್ಧ ಲೀಟರ್ ನೀರಾದರೂ ಬೇಕು. ನಾವು ಐವರು. ಹತ್ತುವುದು, ಇಳಿಯುವುದು, ಫೋಟೋ, ಜಗಳ ಎಲ್ಲ ಸೇರಿ ನಾಲ್ಕು ತಾಸು. ಹತ್ತು ಲೀಟರ್. ಅಂದರೆ ಹತ್ತು ಕಿಲೋ. ಟೈಟಾನಿಯಂ ಲೋಟ ಮಾಡಿದ ಜಾಣರು ಡೇರೆಯನ್ನು ಹಗುರ ಮಾಡಿದ್ದಾರೆ, ಕೋಲನ್ನು ಹಗುರ ಮಾಡಿದ್ದಾರೆ, ನಮ್ಮ ಮನೆಯವರ ಪರ್ಸನ್ನೂ ಹಗುರ ಮಾಡಿದ್ದಾರೆ. ನೀರಿನ ಹಗುರ ಮಾಡೆಲ್ ಮಾತ್ರ ಯಾರೂ ತಂದಿಲ್ಲ. ಹೀಗಾಗಿ ಯಜಮಾನರ ಸೊಂಟಪಟ್ಟಿಯ ಚೀಲದಲ್ಲಿ ದಿಕ್ಸೂಚಿ, ಸೀಟಿ, ಪವರ್ ಬ್ಯಾಂಕು, ಮಡಚುವ ಕುರ್ಚಿ. ನನ್ನ ಕೈಯಲ್ಲಿ ಹತ್ತು ಲೀಟರಿನ ಕ್ಯಾನು, ಇನ್ನೊಂದು ಕೈಯಲ್ಲಿ ಬುತ್ತಿ.

ಕೋಟೆಯ ಒಳಗೋಡೆಯಲ್ಲಿ ಒಂದು ಕಲ್ಲಿದೆ, ರಾಯಚೂರಿಗೆ ಬಂದವರು ನೋಡಲೇಬೇಕಾದದ್ದು. 41 ಅಡಿಗೂ ಹೆಚ್ಚು ಉದ್ದದ ಒಂದೇ ಚಪ್ಪಡಿ, ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಗೋಡೆಗೆ ಇಂಥ ಚಪ್ಪಡಿ ಬಂದದ್ದಾದರೂ ಹೇಗೆ ಅಂತ ಕೇಳುವವರಿಗೆ ಪಕ್ಕದಲ್ಲೇ ಉತ್ತರ ಕೆತ್ತಿದ್ದಾರೆ: ಗಟ್ಟಿ ಚಕ್ರದ ಉದ್ದನೆಯ ಗಾಡಿ, ಅದನ್ನು ಎಳೆಯುವ ಕೋಣಗಳ ಸಾಲು. ಮನೆಯವರು ಆ ಚಿತ್ರದ ಮುಂದೆ ನಿಂತು ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದರು. ನಾನು ಕ್ಯಾನು ಕೆಳಗಿಟ್ಟು ಕೋಣಗಳನ್ನೇ ನೋಡಿದೆ. ಏಳುನೂರು ವರ್ಷದ ಹಿಂದಿನ ಜನ ಎಷ್ಟು ಮರ್ಯಾದಸ್ಥರು! ಭಾರ ಎಳೆದವರ ಚಿತ್ರ ಬರೆಸಿದ್ದಾರೆ. ನಮ್ಮ ಆ ದಿನದ ಫೋಟೋಗಳಲ್ಲಿ ಶೂ ಇದೆ, ಕೋಲಿದೆ, ಸೀಟಿ ಕೂಡ ಇದೆ. ಕ್ಯಾನು ಹೊತ್ತವಳು ಒಂದರಲ್ಲೂ ಇಲ್ಲ, ಯಾಕಂದರೆ ಫೋಟೋ ತೆಗೆದವಳೂ ಅವಳೇ.

ಎಲ್ಲ ಸಾಮಾನೂ ದಂಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. "ನಮ್ಮಜ್ಜ ಬರಿಗಾಲಲ್ಲಿ ಹತ್ತಿದ್ದ" ಅನ್ನುವವರ ಜೊತೆಗೂ ನನಗೆ ತಕರಾರಿದೆ. ಆ ಅಜ್ಜನ ಹಿಮ್ಮಡಿಯ ಬಿರುಕಿಗೆ ಎಣ್ಣೆ ತಿಕ್ಕಿದ ಅಜ್ಜಿಯನ್ನು ಕೇಳಬೇಕು. ಸವೆದ ಹವಾಯಿ ಚಪ್ಪಲಿ ನಮ್ಮ ಬಂಡೆಯ ಮೇಲೆ ಶುದ್ಧ ಶತ್ರು. ಬಂಡೆ ಕೆರೆದು ಬಿದ್ದ ನುಚ್ಚುಗಲ್ಲು ಜೋಳದ ಕಾಳಿನಷ್ಟಿರುತ್ತದೆ, ಇಳಿಯುವಾಗ ಅದರ ಮೇಲೆ ಕಾಲಿಟ್ಟರೆ ನೀವು ಕೆಳಗೆ, ಚಪ್ಪಲಿ ಮೇಲೆ. ಹಲ್ಲಿರುವ ತಳದ ಬೂಟು ಬೇಕೇ ಬೇಕು. ಹೊಸದಾದರೆ ಮನೆಯ ಸುತ್ತ ಒಂದಿಷ್ಟು ದಿನ ಹಾಕಿ ಪಳಗಿಸಿಕೊಂಡಿರಬೇಕು, ಇಲ್ಲದಿದ್ದರೆ ಬೊಕ್ಕೆ. ಮಡಚುವ ಕೋಲನ್ನು ಕಂಡು ಓಣಿಯವರೆಲ್ಲ ನಕ್ಕರು. ಅತ್ತೆ ಮಾತ್ರ ಇಳಿಯುವಾಗ ಮೊಣಕಾಲು ಹಿಡಿದಾಗ ಸುಮ್ಮನೆ ಕೈ ಚಾಚಿ ಇಸಿದುಕೊಂಡರು. ಆಮೇಲೆ ವಾಪಸ್ ಕೊಟ್ಟಿಲ್ಲ. ಈಗ ಅದು ದೇವರ ಕೋಣೆಯ ಬಾಗಿಲ ಹಿಂದಿದೆ, ಬೆಕ್ಕು ಓಡಿಸಲಿಕ್ಕೂ ಆಗುತ್ತದಂತೆ.

ದೇವದುರ್ಗದ ಕಡೆ ಹೋದಾಗ ಶೂ ವಿಷಯದಲ್ಲಿ ಇನ್ನೊಂದು ಪಾಠವಾಯಿತು. ಹೋಗುವ ದಾರಿಯಲ್ಲಿ ಗಬ್ಬೂರು, ಹೆಜ್ಜೆಗೊಂದು ಹಳೆಯ ಗುಡಿ, ಶಾಸನ. ಅಲ್ಲೇ ಅರ್ಧ ದಿನ ನಡೆದರೂ ಸಾಲದು. ನನ್ನನ್ನು ಕೇಳಿದರೆ ಮಕ್ಕಳನ್ನು ಕರಕೊಂಡು ನಡೆಯಲಿಕ್ಕೆ ಗುಡ್ಡಕ್ಕಿಂತ ಗಬ್ಬೂರೇ ವಾಸಿ, ಗುಡಿಯೊಳಗೆ ತಂಪಿರುತ್ತದೆ. ಆದರೆ "ಗುಡಿ ಸುತ್ತಿದ್ರ ಹೈಕಿಂಗ್ ಆಗಂಗಿಲ್ಲ" ಅಂತ ಯಜಮಾನರ ಶಾಸ್ತ್ರ. ದೇವದುರ್ಗ ಒಂದು ಕಾಲಕ್ಕೆ ಬೇಡ ನಾಯಕರ ಗಟ್ಟಿ ಠಾಣೆ. ಅಲ್ಲಿಯ ಗುಡ್ಡದ ಬುಡದಲ್ಲಿ ಬಳ್ಳಾರಿ ಜಾಲಿಯ ಕಂಟಿ. ಹಗುರ, ಮೆತ್ತಗೆ, ಮೋಡದ ಮೇಲೆ ನಡೆದಂತೆ ಅಂತ ಜಾಹೀರಾತು ಹೇಳುವ ಆ ಶೂ ತಳ ಇದೆಯಲ್ಲ, ಅದರೊಳಗೆ ಜಾಲಿಮುಳ್ಳು ಹೇಳದೆ ಕೇಳದೆ ಇಳಿಯುತ್ತದೆ. ಮೋಡದಲ್ಲಿ ಮುಳ್ಳಿರುವುದಿಲ್ಲ, ದೇವದುರ್ಗದಲ್ಲಿರುತ್ತದೆ. ಕುರಿ ಕಾಯುವ ಹಿರಿಯರೊಬ್ಬರು ಟೈರಿನ ಚಪ್ಪಲಿ ಮೆಟ್ಟಿಕೊಂಡು ಅದೇ ಕಂಟಿಯ ನಡುವೆ ಪಟಪಟ ನಡೆದು ಬಂದು, ಒಂಟಿಗಾಲಲ್ಲಿ ನಿಂತಿದ್ದ ನಮ್ಮವರನ್ನು ನೋಡಿ, "ಏನ್ರೀ ಸಾಹೇಬ್ರ, ಬೂಟ್ ಭಾರಿ ಅವ, ಎಷ್ಟು ಕೊಟ್ರಿ?" ಅಂದರು. ನಮ್ಮವರು ಅರ್ಧ ಬೆಲೆ ಹೇಳಿದರು. ಅರ್ಧಕ್ಕೇ ಆ ಹಿರಿಯರು "ಶಿವಶಿವಾ" ಅಂದರು.

ಆ ಮುಳ್ಳು ತೆಗೆದದ್ದು ಯಾವುದು ಗೊತ್ತೇನು? ಹದಿನೆಂಟು ಕೆಲಸ ಮಾಡುವ ಮಡಚು ಚಾಕು ಚೀಲದಲ್ಲಿತ್ತು. ಅದರಲ್ಲಿ ಬಾಟಲಿ ಮುಚ್ಚಳ ತೆಗೆಯುವುದಿತ್ತು, ಮೀನಿನ ಪೊರೆ ಕೆರೆಯುವುದಿತ್ತು. ಮುಳ್ಳು ಬಂದದ್ದು ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ. ನಮ್ಮ ಕಡೆಯ ಹೆಂಗಸರ ಬಳೆಯಲ್ಲಿ ನಾಲ್ಕಾರು ಪಿನ್ನು ಸದಾ ಇರುತ್ತವೆ. ಹರಿದ ಚಪ್ಪಲಿಯ ಬಾರು, ಕಿತ್ತ ಜಿಪ್ಪು, ಜಾರುವ ಸೆರಗು, ಮುಳ್ಳು, ಎಲ್ಲಕ್ಕೂ ಅದೇ. ಪಾರ್ಸಲ್‌ನಲ್ಲಿ ಬರುವುದಿಲ್ಲವಾದ್ದರಿಂದ ಇದನ್ನು ಯಾರೂ ಸಾಮಾನಿನ ಪಟ್ಟಿಗೆ ಸೇರಿಸುವುದಿಲ್ಲ.

ಹಾಗಂತ ಜಿಗಣೆ ಸಾಕ್ಸಿನ ಮರ್ಯಾದೆಯನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮನೆಯವರು ಇದನ್ನು ಓದಿ ಊಟ ಬಿಟ್ಟಾರು. ಮಳೆಗಾಲ ಮುಗಿದ ಮೇಲೆ ನಮ್ಮ ಗುಡ್ಡದ ಹುಲ್ಲಿನಲ್ಲಿ ಉತ್ತರಾಣಿ, ಅಂಟುಹುಲ್ಲಿನ ಬೀಜ, ನೆಗ್ಗಿಲು. ಉಣ್ಣೆಯಂಥ ಸಾಕ್ಸು ಹಾಕಿದ ಮಕ್ಕಳ ಕಾಲು ಸಂಜೆ ಹೊತ್ತಿಗೆ ಮುಳ್ಳುಹಂದಿ. ಒತ್ತಾಗಿ ನೇಯ್ದ ಆ ಬಟ್ಟೆಯ ಸಾಕ್ಸಿಗೆ ಒಂದೂ ಹತ್ತಲಿಲ್ಲ. "ನೋಡಿದ್ಯಾ?" ಅಂತ ಯಜಮಾನರು ಕಾಲು ಚಾಚಿ ಕುಳಿತ ಗತ್ತು ನೋಡಬೇಕಿತ್ತು, ರಾಯಚೂರು ಕೋಟೆ ಗೆದ್ದವನಿಗೂ ಅಷ್ಟಿರಲಿಲ್ಲ.

ದೇವದುರ್ಗ ತಾಲೂಕಿನಲ್ಲೇ ಕೃಷ್ಣೆಯ ದಂಡೆಗೆ ಗೂಗಲ್ ಅಂತ ಊರಿದೆ, ಅಲ್ಲಮಪ್ರಭುವಿನ ಗುಡಿ ಇದೆ, ಬ್ಯಾರೇಜಿದೆ. ಮಗ ಫೋನಿಗೆ "ಗೂಗಲ್‌ಗೆ ದಾರಿ ತೋರಿಸು" ಅಂದ. ಫೋನು ತನ್ನನ್ನೇ ತೋರಿಸಿತು. ಕಡೆಗೆ ಚಹಾದಂಗಡಿಯಲ್ಲಿ ಕೇಳಿಯೇ ಹೋದೆವು. ಅಲ್ಲಾಗಲಿ, ನರಸಿಂಹನ ಕೊಪ್ಪರದಲ್ಲಾಗಲಿ, ನದಿಯ ದಂಡೆಯ ನಡಿಗೆ ಚೆನ್ನ. ಮಕ್ಕಳು ನೀರಿಗಿಳಿಯುತ್ತೇವೆ ಅಂದರೆ ಮಾತ್ರ ಕಣ್ಣು ಕೆಂಪು ಮಾಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಅವಕ್ಕೆ ಬ್ರ್ಯಾಂಡಿನ ಭೇದವಿಲ್ಲ.

ಮಾನ್ವಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಗುಡ್ಡ ಹತ್ತಿದವರಿಗೆ ಹಸಿರು ಗದ್ದೆಯ ನೋಟ ಸಿಗುತ್ತದೆ. ಕರಿಬಂಡೆಯ ಮೇಲೆ ಕುಳಿತು ಭತ್ತದ ಹಸಿರು ನೋಡುವುದು ರಾಯಚೂರಿನ ಕಣ್ಣಿಗೆ ಹಬ್ಬ. ಪಕ್ಕದ ನೀರಮಾನ್ವಿಗೆ ಯಲ್ಲಮ್ಮನ ಜಾತ್ರೆಗೆ ಬರುವ ಜನ ಕೂಸು, ಕೋಳಿ, ಒಲೆ, ಕೌದಿ ಎಲ್ಲ ಹೊತ್ತು ತರುತ್ತಾರೆ. ಅದರ ಮುಂದೆ ನಮ್ಮವರ ಚೀಲ ಏನೇನೂ ಅಲ್ಲ. ಇನ್ನೊಂದು ತುದಿಗೆ ದಾಸರು. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809) ಇದೇ ಸೀಮೆಯವರು. ದಾಸರ ಸಾಮಾನು ಏನು? ತಂಬೂರಿ, ತಾಳ, ಗೆಜ್ಜೆ, ಗೋಪಾಳಬುಟ್ಟಿ. ನೀರು, ಬುತ್ತಿ? ಬೀದಿಯ ಮನೆಗಳು ನೋಡಿಕೊಳ್ಳುತ್ತಿದ್ದವು. ಅಂದರೆ ಮತ್ತೆ ಯಾರೋ ಒಬ್ಬ ಅವ್ವ.

ನಡಿಗೆಯ ನಿಜವಾದ ಪಂಡಿತರನ್ನು ನೋಡಬೇಕಾದರೆ ಯುಗಾದಿಯ ಮೊದಲು ನಮ್ಮ ಜಿಲ್ಲೆಯ ರಸ್ತೆಗೆ ಬನ್ನಿ. ಬಾಗಲಕೋಟೆ, ವಿಜಯಪುರದ ಕಡೆಯಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ಮಂದಿ. ನಲ್ಲಮಲೆಯ ಕಾಡು, ಭೀಮನಕೊಳ್ಳ ದಾಟಬೇಕಾದವರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬೆತ್ತ, ಒಂದು ಹೊದಿಕೆ, ಒಂದು ಬಾಟಲಿ. ಮಾರ್ಚಿನ ಬಿಸಿಲಿಗೆ ಸವಾಲು ಹಾಕುವುದಿಲ್ಲ ಅವರು, ರಾತ್ರಿ ಮತ್ತು ನಸುಕಿನಲ್ಲಿ ನಡೆದು ಮಧ್ಯಾಹ್ನ ಮರದ ಕೆಳಗೆ ಅಡ್ಡಾಗುತ್ತಾರೆ. ದಾರಿಯುದ್ದಕ್ಕೂ ನಮ್ಮೂರ ಜನ ಪೆಂಡಾಲು ಹಾಕಿ ಮಜ್ಜಿಗೆ, ಅನ್ನ, ಕಾಲಿಗೆ ಬಿಸಿನೀರು, ಎಣ್ಣೆ ಇಟ್ಟುಕೊಂಡು ಕೂತಿರುತ್ತಾರೆ. ಕೃಷ್ಣದೇವರಾಯ ನಿಲ್ಲಿಸಿದ ನೀರಿನವರು ಇನ್ನೂ ಇದ್ದಾರೆ ಅನ್ನಿ, ಸಂಬಳ ಮಾತ್ರ ಇಲ್ಲ.

ಈಗ ನಮ್ಮ ಮನೆಯಲ್ಲಿ ಹೊಸ ಕಾಯ್ದೆ. ತಂದವರು ಅತ್ತೆ. ಒಂದು ದಿನ ಕ್ಯಾನನ್ನು ಅಂಗಳದ ನಡುವೆ ಇಟ್ಟು, "ತಮ್ಮ ತಮ್ಮ ನೀರು ತಾವು ತಾವು ಹೊರ್ರಿ. ಆಕಿ ಬುತ್ತಿ ಕಟ್ಟಿದ್ದ ಸಾಕು" ಅಂದರು. ದೊಡ್ಡವರಿಗೆ ತಲಾ ಎರಡು ಲೀಟರ್, ಮಕ್ಕಳಿಗೆ ತಲಾ ಒಂದು. ಅತ್ತೆಯ ಎರಡು ಲೀಟರ್? "ನಾ ಹಡದೀನಿ ಅವನ್ನ" ಅಂದರು, ಮಗನ ಕಡೆ ತಿರುಗಿ. ಹತ್ತು ಲೀಟರಿನಲ್ಲಿ ಮಕ್ಕಳಿಂದ ಉಳಿದದ್ದೂ ಯಜಮಾನರ ಪಾಲಿಗೇ ಹೋಯಿತು. ಒಟ್ಟು ಆರು. ಆರು ಕಿಲೋ ಬೆನ್ನಿಗೇರಿದ ದಿನ ಯಜಮಾನರು ಸೊಂಟಪಟ್ಟಿಯನ್ನು ಮೊದಲ ಸಲ ನಿಜವಾಗಿ ಬಿಗಿದರು. ಭಾರ ಭುಜದ ಮೇಲಲ್ಲ, ಸೊಂಟದ ಮೇಲೆ ಕೂರಬೇಕು ಅನ್ನುವುದಕ್ಕೇ ಆ ಪಟ್ಟಿ ಇರುವುದು. ಕೊಡ ಸೊಂಟಕ್ಕಿಟ್ಟು ನೀರು ತಂದವರಿಗೆ ಇದನ್ನು ಯಾರೂ ರೀಲಿನಲ್ಲಿ ಹೇಳಿಕೊಡಬೇಕಾಗಿಲ್ಲ. ಕುರ್ಚಿ ಮನೆಯಲ್ಲೇ ಉಳಿಯಿತು. ದಿಕ್ಸೂಚಿಯೂ ಉಳಿಯಿತು. ಅರ್ಧ ಗುಡ್ಡ ಹತ್ತುವುದರೊಳಗೆ ಅವರು ಎಲ್ಲರನ್ನೂ ಕರೆಕರೆದು "ನೀರು ಕುಡೀರಿ, ನೀರು ಕುಡೀರಿ" ಅಂತ ಉಪಚರಿಸತೊಡಗಿದರು. ಅಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಕಂಡಿರಲಿಲ್ಲ.

ಬುತ್ತಿಯ ಬಗ್ಗೆ ಕೇಳುವಿರಾದರೆ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಬದನೆಕಾಯಿ ಎಣಗಾಯಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಕೆಡುವುದಿಲ್ಲ, ಸೋರುವುದಿಲ್ಲ, ಸ್ವಲ್ಪ ಮುರಿದರೂ ರುಚಿ ಕೆಡುವುದಿಲ್ಲ. ಪಾಕೀಟಿನಲ್ಲಿ ಬರುವ ಶಕ್ತಿಬಿಸ್ಕತ್ತು ಒಂದನ್ನು ಮಗಳು ಮಂಗನಿಗೆ ಎಸೆದಳು. ಮಂಗ ಮೂಸಿ ನೋಡಿ ಬುತ್ತಿಯ ಕಡೆಗೇ ನೋಡಿತು. ನಿಶ್ಶಕ್ತಿ ಆದವರಿಗೆ ಒಂದು ಲೀಟರ್ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು, ಅಳತೆ ತಪ್ಪದೆ. ಕೂತು ಉಂಡಲ್ಲಿ ಪ್ಲಾಸ್ಟಿಕ್ಕು ಬಿಟ್ಟು ಬರಬೇಡಿ. ಬಂಡೆಯ ಸಂದಿಗೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಮಂತ್ರ, ಹಗ್ಗ, ಬ್ಲೇಡು ಏನೂ ಬೇಡ, ನೇರ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿ. ಚಿರತೆ ಕಂಡ ಸುದ್ದಿ ಪೇಪರಿನಲ್ಲಿ ಬಂದ ವಾರ ಆ ಗುಡ್ಡದ ಕಡೆ ಹೋಗಬೇಡಿ. ಮನೆಯವರ ಸೀಟಿಗೆ ಚಿರತೆ ಹೆದರುತ್ತದೋ ಇಲ್ಲವೋ, ಪರೀಕ್ಷೆ ಮಾಡಲಿಕ್ಕೆ ನಮ್ಮಲ್ಲಿ ಇರುವುದು ಒಬ್ಬರೇ ಯಜಮಾನರು.

ಎಳ್ಳ ಅಮಾವಾಸ್ಯೆ ಬರುತ್ತಿದೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭರ್ತ ಉಂಡು, ಅದರ ಮರುದಿನ ಕೋಟೆಗುಡ್ಡಕ್ಕೆ ಹೊರಡುವುದು ಅಂತ ಮಾತಾಗಿದೆ. ಯಜಮಾನರು ಐದೂವರೆ ಅಂದಿದ್ದಾರೆ, ನೀವು ಏಳಕ್ಕೆ ಬಂದರೂ ನಡೆದೀತು. ಮನೆಮಂದಿಯನ್ನೆಲ್ಲ ಕರಕೊಂಡು ಬರ್ರಿ, ಬುತ್ತಿ ನಮ್ಮದು. ನೀರು ಮಾತ್ರ ನಿಮ್ಮ ನಿಮ್ಮದು ನೀವೇ ತರ್ರಿ.